ದಿನ ಎಣಿಸಬೇಡ, ಅರ್ಧ ಗಂಟೆ ಬರಿ: ನನ್ನ ಅನುಭವ

ನಾನು ಪುಣೆಯ ಕೋಥ್ರೂಡ್ ಕಡೆ ಒಂದು ಕಾಲೇಜಿನಲ್ಲಿ ಕೌನ್ಸೆಲರ್. ಊರು ವಿಜಯಪುರ. ನಮ್ಮ ಹಾಸ್ಟೆಲ್‌ನಲ್ಲಿ ಬೆಳಗಾವಿ, ಕಲಬುರಗಿ, ಸೊಲ್ಲಾಪುರ ಕಡೆಯ ಹುಡುಗರು ಜಾಸ್ತಿ. ಹಗಲೆಲ್ಲ ಮರಾಠಿ, ಹಿಂದಿ ಮಾತಾಡುವ ಹುಡುಗ ಅಶ್ಲೀಲ ವಿಡಿಯೋ ನೋಡುವ ಚಟದ ವಿಷಯ ಬಂದಾಗ ಮಾತ್ರ ಕನ್ನಡಕ್ಕೆ ತಿರುಗುತ್ತಾನೆ. ಅದೂ ಬಾಗಿಲು ಹಾಕಿದ ಮೇಲೆ. "ನಾ ಕೆಟ್ಟು ಹೋಗೇನ್ರಿ ಸರ್."

ಮೊದಲ ವರ್ಷ ನಾನೂ ಎಲ್ಲರ ಹಾಗೆ ಉಪನ್ಯಾಸ ಇಡಿಸಿದೆ. ಮುಂಬೈಯಿಂದ ಒಬ್ಬರು ಬಂದು ಮೆದುಳಿನ ಚಿತ್ರ ತೋರಿಸಿದರು. ಗೌರವಧನ, ಟ್ಯಾಕ್ಸಿ, ಊಟ ಸೇರಿ 15 ಸಾವಿರ ಚಿಲ್ಲರೆ. ಹಿಂದಿನ ಬೆಂಚಿನವರು ನಕ್ಕರು, ಮುಂದಿನವರು ಹೆದರಿದರು. ಹೆದರಿದವರಲ್ಲಿ ಒಬ್ಬನೂ ನನ್ನ ಹತ್ತಿರ ಬರಲಿಲ್ಲ.

ಆಮೇಲೆ ಹಾಸ್ಟೆಲ್ ವೈಫೈಗೆ ಫಿಲ್ಟರ್. ಸುಮಾರು 28 ಸಾವಿರ. ಸಿಕ್ಕಿಬಿದ್ದದ್ದು ನರ್ಸಿಂಗ್ ಹುಡುಗಿಯರ ಸ್ತನ ಕ್ಯಾನ್ಸರ್ ಪಾಠ! 2016ರಲ್ಲಿ ಜಿಯೋ ಬಂದ ಮೇಲೆ ಇಂಥದ್ದಕ್ಕೆ ಹಾಸ್ಟೆಲ್ ವೈಫೈ ಯಾರಿಗೆ ಬೇಕು? ಸರ್ಕಾರವೇ 2015ರಲ್ಲಿ 857 ಸೈಟ್ ಮುಚ್ಚಿಸಲು ಹೋಗಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2018ರಲ್ಲಿ ಮತ್ತೆ 827 ಸೈಟ್‌ಗಳ ಪಟ್ಟಿ ಬಂತು. ಅದರಿಂದ ನಮ್ಮ ಹುಡುಗರು ಕಲಿತದ್ದು ತಡೆ ದಾಟಿಸುವ ವಿಪಿಎನ್ ಹಾಕುವುದನ್ನು.

ಮೂರನೆಯ ಸೋಲಿನಲ್ಲಿ ದುಡ್ಡು ಹೋಗಲಿಲ್ಲ, ಆದರೆ ಅದೇ ಜಾಸ್ತಿ ನೋಯಿಸಿತು. ದಿನ ಎಣಿಸುವ ಆಟ. ನೋಡದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಹಸಿರು ಗೀಟು. ಕಲಬುರಗಿ ಕಡೆಯ ಒಬ್ಬ ಹುಡುಗ 43 ದಿನ ಮುಟ್ಟಿದ. ನಾನು ಬೀಗಿದೆ. 44ನೆಯ ದಿನ ಒಮ್ಮೆ ಜಾರಿದ. "ಹೆಂಗೂ ಹೋತು" ಅಂತ ಮೂರು ದಿನ ರೂಮಿನಿಂದ ಹೊರಗೇ ಬರಲಿಲ್ಲ, ಇಂಟರ್ನಲ್ ಪರೀಕ್ಷೆಯನ್ನೂ ಬಿಟ್ಟ. ಕುಡಿತದ ಕೇಸುಗಳಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಒಂದು ಗುಟುಕು ಇಳಿದರೆ ಪೂರಾ ಬಾಟಲಿ. ಗೊತ್ತಿದ್ದೂ ಕ್ಯಾಲೆಂಡರ್ ಕೊಟ್ಟದ್ದು ನನ್ನ ತಪ್ಪು.

ಆ ಹುಡುಗನಿಗೇ ಮೊದಲು ಹೇಳಿದ್ದು: "ತಮ್ಮಾ, ದಿನ ಎಣಿಸಬ್ಯಾಡ. ಅದಕ್ಕಿಂತ ಮೊದಲಿನ ಅರ್ಧ ತಾಸು ಏನಾತು, ಅಷ್ಟು ಬರಿ." ಇಪ್ಪತ್ತು ರೂಪಾಯಿಯ ನೋಟ್‌ಬುಕ್. ಏನು ನೋಡಿದೆ ಅಂತ ಬರೆಯುವ ಹಾಗಿಲ್ಲ. ನೋಡಲಿ, ಬಿಡಲಿ, ಆಸೆ ಹುಟ್ಟಿದಾಗಲೆಲ್ಲ ಎರಡು ಸಾಲು. ಬೇರೆಯವರ ಕೈಗೆ ಸಿಕ್ಕರೂ ಏನೂ ಗೊತ್ತಾಗುವುದಿಲ್ಲ. ಅವನ ಅನುಮತಿ ತಗೊಂಡು ಒಂದು ಪುಟ: "ಮಂಗಳವಾರ 11.40. ಮೆಸ್‌ನಲ್ಲಿ ಒಬ್ಬನೇ ಉಂಡೆ. ಫೀ ಬಗ್ಗೆ ಅಪ್ಪ ಫೋನ್ ಮಾಡಿದ. ಎತ್ತಲಿಲ್ಲ." ಗುರುವಾರವೂ ಅಪ್ಪನ ಫೋನ್. ಭಾನುವಾರವೂ. ಮೂರು ವಾರ ತಿರುವಿ ಹಾಕಿದರೆ ಚಟಕ್ಕಿಂತ ಜಾಸ್ತಿ ಕಂಡದ್ದು ಅಪ್ಪ.

ಪರಿಚಯದ ಹಿರಿಯ ಡಾಕ್ಟರೊಬ್ಬರು ನಕ್ಕರು: "ಡೈರಿ ಬರೆಸಿ ಚಟ ಬಿಡಿಸ್ತೀಯಾ?" ವಾರ್ಡನ್ ಪ್ರಕಾರ ಎರಡು ಏಟು ಬಿಟ್ಟರೆ ಸರಿಹೋಗುತ್ತಾರೆ. ಈಗ ಅದೇ ಡಾಕ್ಟರು ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ನಿಜ ಅಂದರೆ, ಬಂದವರಲ್ಲಿ ಅರ್ಧದಷ್ಟು ಹುಡುಗರಿಗೆ ಚಟವೇ ಇರಲಿಲ್ಲ. ತಿಂಗಳಿಗೆ ಎರಡು ಸಲ ನೋಡುತ್ತಾರೆ, ಇಪ್ಪತ್ತೆಂಟು ದಿನ ಕೊರಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಇದನ್ನು ಚಟಗಳ ಪಟ್ಟಿಗೆ ಸೇರಿಸಿಲ್ಲ, ಹತೋಟಿ ತಪ್ಪುವ ತೊಂದರೆಗಳ ಜೊತೆ ಇಟ್ಟಿದ್ದಾರೆ. ತಪ್ಪು ಮಾಡಿದೆ ಅನ್ನುವ ಸಂಕಟ ಒಂದೇ ಇದ್ದರೆ ರೋಗ ಅನ್ನಬೇಡಿ ಅಂತಲೂ ಅಲ್ಲಿದೆ. ಇಂಥವರಿಗೆ ನೋಟ್‌ಬುಕ್ ಬೇಡ, ಎರಡು ಸಲ ಕೂತು ಮಾತಾಡಿದರೆ ಸಾಕು. ನಮ್ಮ ಪಕ್ಕದ ಕರ್ವೆ ರಸ್ತೆಗೆ ಹೆಸರು ಕೊಟ್ಟ ಸಮಾಜ ಸುಧಾರಕ ಮಹರ್ಷಿ ಕರ್ವೆಯವರ ಮಗ ರಘುನಾಥ ಕರ್ವೆ 1927ರಿಂದಲೇ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯಲ್ಲಿ ಲೈಂಗಿಕ ವಿಷಯ ಬಿಚ್ಚಿ ಬರೆದು ಕೋರ್ಟು ಮೆಟ್ಟಿಲು ಹತ್ತಿದವರು ಅಂತ ಹೇಳುತ್ತೇನೆ. ಹುಡುಗರ ಹೆಗಲು ಸ್ವಲ್ಪ ಇಳಿಯುತ್ತದೆ.

ಮಧ್ಯೆ ಏನೇನೋ ಮಾಡಿ ನೋಡಿದೆ. ಭಾನುವಾರ ಬೆಳಗ್ಗೆ ಸಿಂಹಗಡ ಕೋಟೆ ಹತ್ತಿಸಿದೆ. ಮೇಲೆ ಪಿಠ್ಲ-ಭಾಕರಿ, ಕುಡಿಕೆ ಮೊಸರು, ಎಲ್ಲ ನನ್ನ ಖರ್ಚು. ಭಾನುವಾರ ರಾತ್ರಿ ಹೆಣದ ಹಾಗೆ ಮಲಗಿದರು. ಸೋಮವಾರ ಯಥಾಪ್ರಕಾರ. ಕೆಲಸಕ್ಕೆ ಬಂದದ್ದು ಅಲಾರಂ ಗಡಿಯಾರ. "ಅಲಾರಂಗೆ ಫೋನ್ ಬೇಕು ಸರ್" ಅನ್ನುವ ನೆಪಕ್ಕೆ ರವಿವಾರ ಪೇಟೆಯಿಂದ ಇಪ್ಪತ್ತು ಗಡಿಯಾರ ತಂದೆ, ಮೂರು ಸಾವಿರದ ಒಳಗೆ. ಹನ್ನೊಂದಕ್ಕೆ ಫೋನುಗಳೆಲ್ಲ ಕಾರಿಡಾರಿನಲ್ಲಿ ಚಾರ್ಜಿಗೆ. ಎರಡನೆಯ ವಾರ ಒಂದು ಫೋನ್ ಕಳುವಾಯಿತು, ಅರ್ಧ ದುಡ್ಡು ನಾನೇ ಕೊಟ್ಟೆ. ಆಮೇಲೆ ಬೀಗ ಇರುವ ಹಳೆ ಕಪಾಟು ತರಿಸಿದೆ.

ಎರಡು ವರ್ಷ ಇದು ಹುಡುಗರ ವಿಷಯ ಅಂದುಕೊಂಡಿದ್ದೆ. ಒಬ್ಬ ಹುಡುಗಿ ಬಂದು "ಸರ್, ಆ ನೋಟ್‌ಬುಕ್ ಹುಡುಗರಿಗೆ ಮಾತ್ರಾನಾ?" ಅಂದಳು. ನನಗೇ ನಾಚಿಕೆ ಆಯಿತು. ಈಗ ಆರೇಳು ಹುಡುಗಿಯರನ್ನು ನಮ್ಮ ಮೇಡಂ ನೋಡಿಕೊಳ್ಳುತ್ತಾರೆ.

ಮೂರು ವರ್ಷದಲ್ಲಿ ಎಪ್ಪತ್ತು ಜನ ಬಂದಿರಬಹುದು. ನೋಟ್‌ಬುಕ್ ಹಿಡಿದವರು ಮೂವತ್ತರ ಮೇಲೆ, ಆರು ವಾರ ಬರೆದವರು ಇಪ್ಪತ್ತು ಚಿಲ್ಲರೆ. ಆರು ತಿಂಗಳು ಬಿಟ್ಟು ಫೋನ್ ಮಾಡಿದಾಗ ಅವರಲ್ಲಿ ಮುಕ್ಕಾಲು ಪಾಲು "ಈಗ ಅದರ ಕಾಟ ಇಲ್ಲ" ಅಂದರು. ಪೂರ್ತಿ ಬಿಟ್ಟೆವು ಅಂದವರು ಕಡಿಮೆ, ನಾನು ಕೇಳುವುದೂ ಇಲ್ಲ. ಐದಾರು ಜನರನ್ನು ಮನೋವೈದ್ಯರ ಹತ್ತಿರ ಕಳಿಸಿದೆ. ಅವರದ್ದು ಒಳಗೆ ಖಿನ್ನತೆ ಇತ್ತು, ನೋಟ್‌ಬುಕ್‌ನಿಂದ ಆಗುವ ಕೆಲಸ ಅಲ್ಲ.

ಮೊದಲ ದಿನ ಕೇಳುವ ಒಂದು ಪ್ರಶ್ನೆ, ಮೂರನೆಯ ವಾರ ನೋಟ್‌ಬುಕ್ ವಾಪಸ್ ಕೊಡುವಾಗ ಮಾಡುವ ಒಂದು ಕೆಲಸ, ಇವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಡುಗರು ಉತ್ತರ ರೆಡಿ ಮಾಡಿಕೊಂಡೇ ಬರುತ್ತಾರೆ.

ಆ ಕಲಬುರಗಿ ಹುಡುಗ ಕೊನೆಯ ಸೆಮಿಸ್ಟರ್ ಮುಗಿಸಿ ಹೋಗುವಾಗ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು ಹೋದ. ಮೊದಲ ಪುಟಗಳೆಲ್ಲ ಒತ್ತೊತ್ತಾಗಿ ಬರೆದದ್ದು. ಆಮೇಲೆ ವಾರಕ್ಕೆ ಒಂದು ಸಾಲು, ಹದಿನೈದು ದಿನಕ್ಕೆ ಒಂದು. ಹಿಂದಿನ ಪುಟಗಳಲ್ಲಿ ಇಸ್ತ್ರಿಯವನ ಲೆಕ್ಕ: ಶರ್ಟು 4, ಪ್ಯಾಂಟು 3, ಬಾಕಿ 20 ರೂಪಾಯಿ.