ಫಾರಿನ್‌ನಲ್ಲಿ ರಾಮನವಮಿ ಪಾನಕ: ಬೆಲ್ಲ ಎಲ್ಲಿ ಹುಡುಕೋದು, ಬೇಲದ ಹಣ್ಣಿಗೆ ಏನ್ ಮಾಡೋದು

ರಾಮನವಮಿಗೆ ಇನ್ನೂ ಎರಡು ವಾರ ಇದೆ ಅನ್ನುವಾಗ್ಲೇ ಬೆಲ್ಲ ಹುಡುಕೋಕೆ ಶುರು ಮಾಡಿ, ಹಿಂದಿನ ದಿನ ಹೋದ್ರೆ ಸಿಗೋದು ಯಾವುದೋ ಹಳೇ ಪ್ಯಾಕೆಟ್, ಅದ್ರಲ್ಲಿ ಮಾಡಿದ ಪಾನಕ ಕುಡಿದ್ರೆ ಊರು ನೆನಪಾಗಲ್ಲ, ಬೇಜಾರಾಗುತ್ತೆ ಅಷ್ಟೆ. ನಾನು ಜರ್ಮನಿಗೆ ಬಂದು ಏಳು ವರ್ಷ ಆಯ್ತು, ಪ್ರತಿ ವರ್ಷನೂ ಪಾನಕ ಮಾಡಿದೀನಿ, ಮೊದಲ ಎರಡು ವರ್ಷ ಸರಿ ಬರ್ಲಿಲ್ಲ, ಆಮೇಲೆ ಒಂದೊಂದೇ ಗೊತ್ತಾಗ್ತಾ ಬಂತು. ಹೊಸದಾಗಿ ಬಂದಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನಮ್ಮೂರು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕು, ಆವಣಿ ಬೆಟ್ಟದ ಕಡೆ. ಲವ ಕುಶ ಹುಟ್ಟಿದ್ದು ಆವಣಿಯಲ್ಲೇ ಅಂತ ನಮ್ ಕಡೆ ನಂಬಿಕೆ, ಅದಕ್ಕೆ ನಮಗೆ ರಾಮನವಮಿ ಅಂದ್ರೆ ಮನೆ ಹಬ್ಬ ಇದ್ದಂಗೆ. ಭಜನೆ ಮನೆ ಮುಂದೆ ತೆಂಗಿನ ಗರಿ ಚಪ್ಪರ, ಅದರ ಕೆಳಗೆ ಎರಡು ದೊಡ್ಡ ಹಂಡೆ, ಒಂದ್ರಲ್ಲಿ ಪಾನಕ ಒಂದ್ರಲ್ಲಿ ನೀರುಮಜ್ಜಿಗೆ, ಪಕ್ಕದಲ್ಲಿ ಮುತ್ತುಗದ ಎಲೆಯಲ್ಲಿ ಕೋಸಂಬರಿ. ರೋಡಲ್ಲಿ ಹೋಗೋ ಲಾರಿ ಡ್ರೈವರ್‌ನ ಸಹ ನಿಲ್ಲಿಸಿ ಕೊಡ್ತಿದ್ರು. ಆ ಹಂಡೆ ಹತ್ರ ಬಗ್ಗಿದ್ರೆ ಮೊದಲು ಮೂಗಿಗೆ ಬರೋದು ಬೆಲ್ಲದ ವಾಸನೆ, ಅದರ ಹಿಂದೆ ಏಲಕ್ಕಿ, ಕುಡಿದ ಮೇಲೆ ಗಂಟಲಲ್ಲಿ ಒಣಶುಂಠಿ ಖಾರ. ಈ ಮೂರೂ ಇದೇ ಕ್ರಮದಲ್ಲಿ ಬರ್ಬೇಕು. ನಿಂಬೆಹಣ್ಣಿನ ಹುಳಿ ಮುಂದೆ ಬಂದ್ರೆ ಅದು ಶರಬತ್ತು, ಪಾನಕ ಅಲ್ಲ.

ಬೆಲ್ಲದ ವಿಷಯ. ಇಂಡಿಯನ್ ಅಂಗಡಿ ಇದ್ರೆ ಅಲ್ಲಿ ಸಿಗುತ್ತೆ, ಆದ್ರೆ ನೋಡಿ ತಗೊಳಿ. ಹೊಳೆಯೋ ಹಳದಿ ಬಣ್ಣದ್ದು ಬೇಡ, ಆ ಬಣ್ಣ ಬರೋಕೆ ಎಷ್ಟೋ ಕಡೆ ಆಲೆಮನೆಯಲ್ಲಿ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ಕೆಮಿಕಲ್ ಹಾಕಿರ್ತಾರೆ. ಕಂದು ಬಣ್ಣದ್ದು, ಸ್ವಲ್ಪ ಮೆತ್ತಗಿರೋದು ಒಳ್ಳೇದು. ಮೊದಲ ವರ್ಷ ಪಾನಕ ಯಾಕೋ ಉಪ್ಪುಪ್ಪಾಗಿತ್ತು, ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ರೆ "ಉಪ್ಪು ಹಾಕ್ದ್ಯಾ?" ಅಂದ್ರು, ಇಲ್ಲಮ್ಮ ಅಂದೆ, "ಹಂಗಾದ್ರೆ ಬೆಲ್ಲನೇ ಉಪ್ಪು ಕಣೇ, ಒಂದ್ ಚೂರು ನಾಲಿಗೆ ಮೇಲಿಟ್ಟು ನೋಡ್ದೆ ಯಾರಾದ್ರೂ ನೀರಿಗೆ ಹಾಕ್ತಾರಾ" ಅಂದ್ರು. ಈಗ ಪ್ಯಾಕೆಟ್ ಒಡೆದ ತಕ್ಷಣ ಅದೇ ಮೊದಲ ಕೆಲಸ. ಉಪ್ಪಿನ ರುಚಿ ಇದ್ರೆ ಆ ಬೆಲ್ಲ ಹುಳಿ ಸಾರಿಗೆ ಇಟ್ಕೊಳಿ, ಪಾನಕಕ್ಕೆ ಬೇರೆ ತನ್ನಿ.

ಇಂಡಿಯನ್ ಅಂಗಡಿ ಇಲ್ಲದ ಊರಲ್ಲಿದ್ರೂ ಬೆಲ್ಲ ಸಿಗುತ್ತೆ, ಹೆಸರು ಬೇರೆ ಇರುತ್ತೆ. ಬಯೋ ಅಂದ್ರೆ ಆರ್ಗ್ಯಾನಿಕ್ ಅಂಗಡಿಗಳಲ್ಲಿ ಪನೇಲಾ, ರಪಡೂರಾ ಅಂತ ಇಟ್ಟಿರ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ಕಬ್ಬಿನ ಹಾಲನ್ನ ನಮ್ ಥರಾನೇ ಕಾಯಿಸಿ ಮಾಡೋದು. ಅಮೆರಿಕದಲ್ಲಿರೋರು ಮೆಕ್ಸಿಕನ್ ಅಂಗಡಿಗೆ ಹೋಗಿ ಪಿಲೋನ್ಸಿಯೋ ಕೇಳಿ, ಕೋನ್ ಆಕಾರದ ಅಚ್ಚುಬೆಲ್ಲ ಅದು. ಜಪಾನಲ್ಲಿ ಕೊಕುತೊ ಅಂತ ಒಕಿನಾವಾ ಕಡೆದು ಬರುತ್ತೆ. ಆದ್ರೆ ಬ್ರೌನ್ ಶುಗರ್ ತಗೊಂಡು ಬರ್ಬೇಡಿ, ಬಣ್ಣ ನೋಡಿ ಮೋಸ ಹೋಗ್ಬೇಡಿ, ಅದ್ರಲ್ಲಿ ಸುಮಾರು ಬಿಳಿ ಸಕ್ಕರೆಗೆ ಸ್ವಲ್ಪ ಕಾಕಂಬಿ ಸೇರಿಸಿರೋದು, ಬೆಲ್ಲದ ವಾಸನೆ ಬರಲ್ಲ.

ಅಳತೆ ಹೇಳ್ತೀನಿ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಏಲಕ್ಕಿ ಐದು, ಒಣಶುಂಠಿ ಪುಡಿ ಅರ್ಧ ಟೀ ಚಮಚ, ಕಾಳುಮೆಣಸು ಆರೇಳು ಕಾಳು ಕುಟ್ಟಿದ್ದು, ನಿಂಬೆರಸ ಎರಡೂವರೆ ಟೇಬಲ್ ಚಮಚ, ಉಪ್ಪು ಎರಡು ಬೆರಳಲ್ಲಿ ಬರೋ ಅಷ್ಟು. ಇಲ್ಲಿಯ ದೊಡ್ಡ ಹಳದಿ ಲೆಮನ್‌ಗೆ ನಮ್ ನಿಂಬೆಹಣ್ಣಿನ ಘಮ ಇಲ್ಲ, ಹಸಿರು ಲೈಮ್ ಹತ್ರ ಬರುತ್ತೆ, ಅದನ್ನೇ ತಗೊಳಿ. ಏಲಕ್ಕಿ ಪುಡಿ ಡಬ್ಬದ್ದು ಖಂಡಿತ ಬೇಡ, ಕಾಯಿ ತಂದು ಆವಾಗ್ಲೇ ಕುಟ್ಟಿ. ಒಣಶುಂಠಿ ಮಾತ್ರ ಸೂಪರ್ ಮಾರ್ಕೆಟ್‌ನ ಮಸಾಲೆ ಸಾಲಿನಲ್ಲೇ ಪುಡಿ ಸಿಗುತ್ತೆ, ಚೆನ್ನಾಗೇ ಇರುತ್ತೆ. ಹಸಿಶುಂಠಿ ಜಜ್ಜಿ ಹಾಕೋರಿದಾರೆ, ನನಗೆ ಅದು ಒಪ್ಪಲ್ಲ, ಹಸಿಶುಂಠಿ ನಾಲಿಗೆ ತುದೀಲಿ ಚುರುಕ್ ಅನ್ನುತ್ತೆ, ಒಣಶುಂಠಿ ಗಂಟಲಿಗಿಳಿದು ಬೆಚ್ಚಗಾಗುತ್ತೆ, ನಮಗೆ ಬೇಕಾಗಿರೋದು ಅದು.

ಬೆಲ್ಲನ ಕಾಯಿಸಬೇಡಿ. ಟೈಮ್ ಉಳಿಯುತ್ತೆ ಅಂತ ಬಿಸಿನೀರಲ್ಲಿ ಕರಗಿಸಿದ್ರೆ ಪಾಕದ ವಾಸನೆ ಬಂದ್ಬಿಡುತ್ತೆ. ಕುಟ್ಟಿ ಪುಡಿ ಮಾಡಿ ತಣ್ಣೀರಲ್ಲಿ ಒಂದು ಗಂಟೆ ನೆನೆಯೋಕೆ ಬಿಡಿ, ಆಮೇಲೆ ಕೈ ಹಾಕಿ ತಳದಲ್ಲಿರೋ ಗಂಟುಗಳನ್ನ ಬೆರಳಲ್ಲಿ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿನ ನಾರು, ಮರಳು ಒಂದಷ್ಟು ಇರುತ್ತೆ, ಬಟ್ಟೆ ಮೇಲೆ ನಿಂತಿದ್ದು ನೋಡಿದ್ರೆ ಗೊತ್ತಾಗುತ್ತೆ ಯಾಕೆ ಸೋಸ್ಬೇಕು ಅಂತ. ಸೋಸಿದ ಮೇಲೆ ಪುಡಿಗಳು, ಎಲ್ಲಕ್ಕಿಂತ ಕೊನೆಗೆ ನಿಂಬೆರಸ. ಮಾಡಿ ಅರ್ಧ ಗಂಟೆ ಮುಚ್ಚಿಡಿ, ಏಲಕ್ಕಿ ನೀರಿಗೆ ಬಿಡೋಕೆ ಅಷ್ಟು ಹೊತ್ತು ಬೇಕು. ಐಸ್ ಹಾಕ್ಬೇಡಿ, ಇಲ್ಲಿ ಮಾರ್ಚ್ ಏಪ್ರಿಲ್ ಅಂದ್ರೆ ಇನ್ನೂ ಚಳಿ, ನಲ್ಲಿ ನೀರೇ ಮಡಕೆ ನೀರಷ್ಟು ತಣ್ಣಗಿರುತ್ತೆ.

ಘಮಕ್ಕೆ ಅಂತ ಪಾನಕಕ್ಕೆ ಕೆಲವರು ಹಾಕೋ ಪಚ್ಚ ಕರ್ಪೂರದ ಬಗ್ಗೆ ದಯವಿಟ್ಟು ಹುಷಾರಾಗಿರಿ. ತಿನ್ನೋ ಪಚ್ಚ ಕರ್ಪೂರ ಬೇರೆ, ಮಂಗಳಾರತಿ ಕರ್ಪೂರ ಬೇರೆ, ಆರತಿದು ಹೊಟ್ಟೆಗೆ ಹೋದ್ರೆ ವಿಷ, ಮಕ್ಕಳಿಗಂತೂ ಸ್ವಲ್ಪ ಹೋದ್ರೂ ಅಪಾಯ. ತಿನ್ನೋದು ಅಂತ ಸ್ಪಷ್ಟವಾಗಿ ಬರೆದಿರೋ ಡಬ್ಬಿ ಊರಿಂದ ತಂದಿದ್ರೆ ದೊಡ್ಡ ಪಾತ್ರೆಗೆ ಅರ್ಧ ಅಕ್ಕಿಕಾಳಷ್ಟು, ಇಲ್ಲಾಂದ್ರೆ ಬಿಟ್ಬಿಡಿ, ನಾನು ಹಾಕೋದೇ ಇಲ್ಲ. ತುಳಸಿ ಬೇಕಂದ್ರೆ ಥಾಯ್ ಅಂಗಡಿಯಲ್ಲಿ ಹೋಲಿ ಬೇಸಿಲ್ ಕೇಳಿ, ಅದು ನಮ್ಮ ತುಳಸಿ ಜಾತಿನೇ. ಥಾಯ್ ಬೇಸಿಲ್ ಅಂದ್ರೆ ಬೇರೆ, ಪಿಜ್ಜಾ ಮೇಲೆ ಹಾಕೋ ಬೇಸಿಲ್ ಜಾತಿದು, ಅದಕ್ಕೆ ಸೋಂಪಿನ ವಾಸನೆ ಇರುತ್ತೆ, ಹಾಕಿದ್ರೆ ಪಾನಕ ಕೆಡುತ್ತೆ.

ಈಗ ಬೇಲದ ಹಣ್ಣು. ನಮ್ ಕಡೆ ಕೆರೆ ಏರಿ ಮೇಲೆ ಬೇಲದ ಮರ ಇರೋದು, ರಾಮನವಮಿ ಬೇಲದ ಪಾನಕ ಇಲ್ಲದೆ ಅಜ್ಜಿಗೆ ಆಗ್ತಾನೇ ಇರ್ಲಿಲ್ಲ. ಮೊಣಕಾಲೆತ್ತರದಿಂದ ನೆಲಕ್ಕೆ ಬಿಡೋರು, ಪುಟಿದ್ರೆ ಕಾಯಿ, ಧೊಪ್ ಅಂತ ಕೂತ್ರೆ ಹಣ್ಣು. ಒಂದ್ಸಲ ಊರಿಂದ ಬರೋವಾಗ ನಾಲ್ಕು ಹಣ್ಣು ಸೂಟ್‌ಕೇಸಲ್ಲಿ ಸೀರೆ ಮಧ್ಯೆ ಇಟ್ಕೊಂಡು ಬಂದೆ, ಏರ್‌ಪೋರ್ಟ್‌ನಲ್ಲಿ ತೆಗೆಸಿ ಕಸದ ಡಬ್ಬಕ್ಕೆ ಹಾಕ್ಸಿದ್ರು, ಆ ದಿನದ ಸಂಕಟ ಇನ್ನೂ ಇದೆ. ನೀವು ಹಂಗೆ ಮಾಡ್ಬೇಡಿ, 2019ರ ಡಿಸೆಂಬರ್‌ನಿಂದ ಯುರೋಪಿಯನ್ ಯೂನಿಯನ್ ಒಳಗೆ ಹೊರಗಿಂದ ಹಣ್ಣು ತರೋಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದ್ರೆ ರೋಗ ಕೀಟ ಇಲ್ಲ ಅನ್ನೋ ಸರ್ಕಾರಿ ಪತ್ರ ಬೇಕು, ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಇವಿಷ್ಟಕ್ಕೆ ಮಾತ್ರ ಬೇಡ.

ದಾರಿ ಇದೆ. ಶ್ರೀಲಂಕಾದೋರ ಅಂಗಡಿ ಹುಡುಕಿ. ಅವರು ಬೇಲದ ಹಣ್ಣಿಗೆ ದಿವುಲ್ ಅಂತಾರೆ, ವುಡ್ ಆಪಲ್ ಅಂತ ಹೆಸರು ಹಾಕಿ ಜಾಮ್, ಜ್ಯೂಸ್, ಕೆಲವು ಕಡೆ ಫ್ರೋಜನ್ ತಿರುಳೂ ಇಟ್ಟಿರ್ತಾರೆ. ಪಾನಕಕ್ಕೆ ಫ್ರೋಜನ್ ತಿರುಳು ಸರಿ, ಜಾಮ್‌ನಲ್ಲಿ ಸಕ್ಕರೆ ಮೊದಲೇ ತುಂಬಿರುತ್ತೆ. ಒಂದು ಬಟ್ಟಲು ತಿರುಳಿಗೆ ಅಷ್ಟೇ ಬೆಲ್ಲ ಹಾಕಿ ಕೈಯಲ್ಲಿ ಕಿವುಚಿ ಅರ್ಧ ಗಂಟೆ ಬಿಟ್ಟು, ನಾಲ್ಕು ಬಟ್ಟಲು ನೀರು ಹಾಕಿ ಜರಡಿಯಲ್ಲಿ ಒತ್ತಿ ಸೋಸಿ, ಏಲಕ್ಕಿ ಒಂದೇ ಸಾಕು, ನಿಂಬೆ ಬೇಡ. ಬೇಲ್ ಅಂತ ಬರೆದಿರೋದನ್ನ ಮಾತ್ರ ಬೇಲ ಅಂದ್ಕೊಂಡು ತರ್ಬೇಡಿ, ಅದು ಬಿಲ್ವದ ಕಾಯಿ, ಥಾಯ್ ಅಂಗಡಿಯಲ್ಲಿ ಒಣಗಿಸಿದ ಬಿಲ್ಲೆ ಬಿಲ್ಲೆ ಸಿಗೋದೂ ಅದೇ, ಹುಳಿನೇ ಇರಲ್ಲ.

ಏನೂ ಸಿಗಲಿಲ್ಲ ಅಂದ್ರೆ ಕರಬೂಜ. ತೊಟ್ಟಿನ ಹತ್ರ ಮೂಸಿ ನೋಡಿ ಘಮ ಇದ್ರೆ ತನ್ನಿ, ಚಮಚದಲ್ಲಿ ಕೆರೆದು ಬೆಲ್ಲ, ಏಲಕ್ಕಿ, ನೀರು, ಆಯ್ತು. ನೀರುಮಜ್ಜಿಗೆಗೆ ಜರ್ಮನಿಯಲ್ಲಿ ಕಷ್ಟವೇ ಇಲ್ಲ, ಇಲ್ಲಿಯ ಬುಟರ್‌ಮಿಲ್ಶ್ ಹುಳಿಯಾಗೇ ಇರುತ್ತೆ, ಒಂದಕ್ಕೆ ಎರಡು ನೀರು ಹಾಕಿ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಜಜ್ಜಿ ಹಾಕಿ ಇಂಗು ಒಗ್ಗರಣೆ ಕೊಡಿ.

2024ರಲ್ಲಿ ಹಬ್ಬ ಬುಧವಾರ ಬಂದಿತ್ತು, ಆಫೀಸಿಗೆ ರಜ ಹಾಕೋಕೆ ಆಗ್ಲಿಲ್ಲ, ಬೆಳಗ್ಗೆ ಐದಕ್ಕೆ ಎದ್ದು ನಾಲ್ಕು ಲೀಟರ್ ಮಾಡಿ ಎರಡು ಕ್ಯಾನಲ್ಲಿ ತುಂಬ್ಕೊಂಡು ಹೋದೆ. ನೀವೂ ತಗೊಂಡು ಹೋಗೋದಾದ್ರೆ ನಿಂಬೆರಸ ಬೇರೆ ಬಾಟಲಲ್ಲಿ ಇಟ್ಕೊಂಡು ಅಲ್ಲೇ ಬೆರೆಸಿ, ಮೊದಲೇ ಹಾಕಿದ್ರೆ ಮಧ್ಯಾಹ್ನದೊಳಗೆ ಕಹಿ ತಿರುಗುತ್ತೆ. ಕೊಡೋ ಮುಂಚೆ ತಳದಿಂದ ಕಲಕಿ, ಇಲ್ಲಾಂದ್ರೆ ಶುಂಠಿ ಮೆಣಸೆಲ್ಲ ಕೊನೇ ಲೋಟದವರ ಪಾಲಾಗುತ್ತೆ. ಉಳಿದ್ರೆ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಬೆಳಗ್ಗೆನೇ ಮುಗಿಸಿ, ನೊರೆ ಕಟ್ಟಿದ್ರೆ ಹುಳಿ ಬಂದಿದೆ ಅಂತ, ಚೆಲ್ಬಿಡಿ.