ಗೋಡೆ ಕ್ಯಾಲೆಂಡರು, ನೂಲಿಗೆ ಕಟ್ಟಿದ ಥರ್ಮಾಮೀಟರು: ನನ್ನ ಅನುಭವ

ಕ್ಯಾನ್ಸರಿಗೆ ಕೀಮೋ ಮದ್ದು ತೆಗೆದುಕೊಳ್ಳುವವರ ಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಜಾಗ್ರತೆಯ ದಿನಗಳನ್ನೆಲ್ಲ ಬರೆದಿಡೋಣ ಅಂದಾಗ ಮೊದಲು ನಕ್ಕದ್ದು ನನ್ನ ಜೊತೆ ಕೆಲಸ ಮಾಡುವವರೇ. ಬಂದು ಹೋಗುವವರೆಲ್ಲ ಓದುತ್ತಾರೆ, ರೋಗಿ ಇನ್ನೂ ಹೆದರುತ್ತಾನೆ, ಇದೆಲ್ಲ ನಡೆಯುವ ಮಾತಲ್ಲ ಅಂದರು. ಈಗ ಅವರೇ ಫೋನ್ ಮಾಡಿ "ಹೇಗೆ ಮಾಡಿದ್ದು ಸಿಸ್ಟರ್?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ಮನೆ ಮನೆಗೆ ಹೋಗುವ ಪಾಲಿಯೇಟಿವ್ (ದೊಡ್ಡ ಕಾಯಿಲೆಯವರ ನೋವು ನೋಡಿಕೊಳ್ಳುವ) ನರ್ಸ್. ಕೌಂಟ್ ಅಂತ ಬರೆದಲ್ಲೆಲ್ಲ ರಕ್ತಕಣಗಳ ಲೆಕ್ಕ ಅಂತ ತಿಳಿಯಿರಿ.

ಇದಕ್ಕೆ ಮೊದಲು ಮಾಡಿದ್ದೆಲ್ಲ ದುಡ್ಡು ತಿಂದ ಕೆಲಸಗಳು. ಒಬ್ಬ ದಾನಿಯ ಹಣದಲ್ಲಿ ಪ್ರಶ್ನೋತ್ತರದ ಪುಸ್ತಿಕೆ ಮಾಡಿಸಿದೆವು. ಹನ್ನೆರಡು ಪುಟ, ಹೊಳೆಯುವ ಕಾಗದ, ಖರ್ಚು ಹತ್ತು ಸಾವಿರದ ಮೇಲೆ. ಜನ ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಫೋಟೋದ ಹಿಂದೆ ಜೋಪಾನ ಮಾಡಿದರು. ಆಮೇಲೆ ಹಾಲ್ ಬಾಡಿಗೆ ಹಿಡಿದು ಸಭೆ ಮಾಡಿದೆವು, ಡಾಕ್ಟರನ್ನೂ ಕರೆಸಿದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಊಟ ಆಗಿ ಕೈ ತೊಳೆಯುವಲ್ಲಿ ನನ್ನ ಸೆರಗು ಹಿಡಿದು "ಸಿಸ್ಟರ್, ಇದು ಅಂಟುತ್ತಾ? ಅವರ ಬಟ್ಟಲು ಬೇರೆ ಇಡಬೇಕಾ?" ಅಂತ ಕೇಳಿದರು. ಅಂಟುವುದಿಲ್ಲ, ಬಟ್ಟಲು ಬೇರೆ ಬೇಡ. ಅಷ್ಟು ಹೇಳಲು ಹಾಲ್ ಯಾಕೆ ಬೇಕಿತ್ತು? ವಾಟ್ಸಾಪ್ ಗುಂಪಿನ ಕಥೆ ಹೇಳುವುದೇ ಬೇಡ. ಪಪ್ಪಾಯಿ ಎಲೆ ರಸ, ಲಕ್ಷ್ಮಣಫಲ, ಶುಭೋದಯ. ಮುಚ್ಚಿಬಿಟ್ಟೆ.

ನಮ್ಮ ಕಡೆ ಯಾರ ಅಡುಗೆಮನೆಗೆ ಹೋದರೂ ಪಂಚಾಂಗದ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ದನ ಕ್ರಾಸ್ ಮಾಡಿಸಿದ ತಾರೀಕು, ಸೊಸೈಟಿಯ ಕಂತು ಎಲ್ಲ ಅದರಲ್ಲೇ. ದಿನಕ್ಕೆ ನಾಲ್ಕು ಸಲ ಕಣ್ಣು ಬೀಳುವ ಜಾಗ. ಸೊಸೈಟಿಯವರು, ಚಿನ್ನದ ಅಂಗಡಿಯವರು ಧರ್ಮಕ್ಕೇ ಕೊಡುತ್ತಾರೆ, ನಮಗೆ ಕಾಸು ಖರ್ಚಿಲ್ಲ.

ನಾನು ಮಾಡುವುದು ಇಷ್ಟು. ಕೀಮೋ ಆದ ದಿನಕ್ಕೆ ನೀಲಿ ಸುತ್ತು. ಅಲ್ಲಿಂದ ಏಳರಿಂದ ಹದಿನಾಲ್ಕನೇ ದಿನದವರೆಗೆ ಕೆಂಪು ಗೆರೆ. ಸೋಂಕು ತಡೆಯುವ ಬಿಳಿರಕ್ತಕಣ ಹೆಚ್ಚಾಗಿ ಇಳಿಯುವುದು ಆ ದಿನಗಳಲ್ಲಿ. ಕ್ಯಾಲೆಂಡರಿನ ಮೊಳೆಗೆ ನೂಲು ಕಟ್ಟಿ ಡಿಜಿಟಲ್ ಥರ್ಮಾಮೀಟರ್ ನೇತುಹಾಕುವುದು. ಕೆಳಗೆ ಒಂದೇ ಸಂಖ್ಯೆ: 100.4, ಅಂದರೆ ಅಷ್ಟು ಡಿಗ್ರಿ ಫ್ಯಾರನ್‌ಹೀಟ್ ಜ್ವರ. ಪಕ್ಕದಲ್ಲಿ ಜೀಪಿನವನ ನಂಬರ್. ರೋಗದ ಹೆಸರು ಎಲ್ಲೂ ಇಲ್ಲ. ನೆಂಟರು ನೋಡಿದರೆ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ರೋಗಿಗೇ ಹೇಳದೆ ಮುಚ್ಚಿಟ್ಟ ಮನೆಗಳಲ್ಲೂ ನಡೆಯಿತು.

ಇದು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಮತ್ತೆ ಮೂರು ವಾರಕ್ಕೊಮ್ಮೆ ಕೀಮೋ ತೆಗೆದುಕೊಳ್ಳುವವರಿಗೆ ಸರಿಯಾಗುತ್ತದೆ. ಅಕ್ಯೂಟ್ ಲುಕೇಮಿಯಾದವರಿಗೆ (ಬೇಗ ಏರುವ ರಕ್ತದ ಕ್ಯಾನ್ಸರ್) ಈ ಲೆಕ್ಕ ಸಾಲದು, ಅವರ ಕೌಂಟ್ ವಾರಗಟ್ಟಲೆ ಏಳುವುದಿಲ್ಲ. ಅವರ ಡಾಕ್ಟರ್ ಹೇಳುವವರೆಗೆ ತಿಂಗಳಿಡೀ ಕೆಂಪು.

ಎಲ್ಲಕ್ಕಿಂತ ಕಷ್ಟ ಆದದ್ದು ಜ್ವರದ ಪ್ರಶ್ನೆ. "ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡಿದರೆ ಆಗದಾ?" ಆಗದು. ಕೆಂಪು ಗೆರೆಯ ದಿನದಲ್ಲಿ 100.4 ಬಂತೆಂದರೆ ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಗುಳಿಗೆ ನುಂಗಿದರೆ ಜ್ವರ ಅಡಗುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ನರಕ್ಕೆ ಹೋಗಬೇಕು. ಆದರೆ ಕ್ಯಾಶುವಲ್ಟಿಯಲ್ಲಿ ಸುಮ್ನೆ ಜ್ವರ ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಅಂಟಿಸಿದೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಮಲಯಾಳ: "ಕೀಮೋ ಆಗಿದೆ, ಜ್ವರ ಇದೆ, ಕೌಂಟ್ ಕಡಿಮೆ ಇರಬಹುದು." ಕೀಮೋ ತಾರೀಕಿಗೆ ಜಾಗ ಖಾಲಿ. ನಮ್ಮವರು ಮಂಗಳೂರಿಗೆ ಹೋಗುತ್ತಾರೋ ಕಾಸರಗೋಡಿಗೋ ಆ ರಾತ್ರಿ ಯಾವ ಗಾಡಿ ಸಿಗುತ್ತದೆ ಅನ್ನುವುದರ ಮೇಲೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಚಿಕಿತ್ಸೆ ಇರುವವರೂ ಅಷ್ಟು ಹೊತ್ತಿಗೆ ನೂರು ಕಿಲೋಮೀಟರಿಗೂ ಜಾಸ್ತಿ ಹೋಗಲಾಗದು.

ಮೊದಲ ಮಳೆಗಾಲದಲ್ಲಿ ಇಡೀ ಪದ್ಧತಿ ಮಕಾಡೆ ಮಲಗಿತು. ಕಾಗದ ಮೆತ್ತಗಾಗಿ ಸ್ಕೆಚ್ ಪೆನ್ನಿನ ಬಣ್ಣ ಹರಡಿತು, ಎಲ್ಲ ದಿನವೂ ಕೆಂಪು! ಈಗ ಬಣ್ಣದ ಪೆನ್ಸಿಲ್. ಅಗ್ಗದ ಥರ್ಮಾಮೀಟರುಗಳ ಬ್ಯಾಟರಿ ಆರು ತಿಂಗಳಿಗೇ ಹೋಯಿತು. ಸಗಟಿನಲ್ಲಿ ತರಿಸಿದರೆ ಒಂದಕ್ಕೆ ನೂರರ ಆಚೀಚೆ ಬೀಳುತ್ತದೆ. ಯಾವ ಅಂಗಡಿ ಅಂತ ಬರೆದರೆ ಅವನು ನಾಳೆಯೇ ರೇಟು ಏರಿಸುತ್ತಾನೆ, ಬೇಡ. ಮೊದಲ ಕಂತು ನನ್ನ ಕೈಯಿಂದ. ಆಮೇಲೆ ಒಂದು ದೇವಸ್ಥಾನದ ಸಮಿತಿ, ಒಂದು ಮಸೀದಿಯ ಕಮಿಟಿ, ಒಂದು ಯುವಕರ ಕ್ಲಬ್ಬು ಹಂಚಿಕೊಂಡರು.

ಕೆಂಪು ದಿನಗಳು ಗೋಡೆಗೆ ಬಂದ ಮೇಲೆ ಉಳಿದ ಪ್ರಶ್ನೆಗಳು ತಾವಾಗಿಯೇ ಅದಕ್ಕೆ ಜೋತುಬಿದ್ದವು. ಒಂದೆಲಗದ ತಂಬುಳಿ ಆಗುತ್ತಾ? ಕೆಂಪಿನಲ್ಲಿ ಹಸಿ ಸೊಪ್ಪು ಬೇಡ, ಬೇಯಿಸಿ ಮಾಡಿ. ಕುಚ್ಚಲಕ್ಕಿ ಗಂಜಿ ಧಾರಾಳ. ಮದುವೆಮನೆ, ಬಯಲಾಟ? ಕೆಂಪು ಮುಗಿದ ಮೇಲೆ. ಹಟ್ಟಿ ತೊಳೆಯುವುದು, ಗೊಬ್ಬರ ಮುಟ್ಟುವುದು, ಹಳೆ ಅಡಿಕೆಯ ಧೂಳಿನಲ್ಲಿ ಕೂತು ಸುಲಿಯುವುದು ಬೇಡ. ಇದಕ್ಕೆ ಗಂಡಸರು ಒಪ್ಪುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಂತೂ ನಾನು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣದ ಬಗ್ಗೆ ಡೆಂಗ್ಯೂ ನೋಡಿ ಕಲಿತದ್ದೇ ಎಲ್ಲರ ತಲೆಯಲ್ಲಿ. ಪಪ್ಪಾಯಿ ಎಲೆ, ದಾಳಿಂಬೆ, ಬೀಟ್ರೂಟ್. ಕೀಮೋದಿಂದ ಮಜ್ಜೆ ಮಂಕಾದಾಗ ಎಲೆ ರಸ ಎಬ್ಬಿಸುವುದಿಲ್ಲ. ಎಷ್ಟೋ ಸಲ ವಾಂತಿ ಬೇರೆ. ನನಗೆ ಮುಖ್ಯ ಅದಲ್ಲ: ಮೈಕೈ ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬಾರದು, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಬಾರದು. ಯಾರು ಗುಟ್ಟಿನಲ್ಲಿ ಯಾವ ಕಷಾಯ ಕುಡಿಯುತ್ತಿದ್ದಾರೆ ಅಂತ ಹೊರಡಿಸಲು ನನ್ನದೊಂದು ಉಪಾಯ ಇದೆ. ಬರೆದರೆ ಕೆಲಸ ಮಾಡುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ.

ಗುಳಿಗೆ ಮಾತ್ರ ಇರುವ ಸಿಎಂಎಲ್ (ನಿಧಾನಕ್ಕೆ ಬೆಳೆಯುವ ಒಂದು ರಕ್ತದ ಕ್ಯಾನ್ಸರ್) ರೋಗಿಗಳಿಗೂ ಪ್ರಯತ್ನಿಸಿದೆ. ಇಮ್ಯಾಟಿನಿಬ್ ಅನ್ನುವ ಆ ಗುಳಿಗೆ ಊಟದ ಮೇಲೆ, ದೊಡ್ಡ ಲೋಟ ನೀರಿನಲ್ಲಿ, ನುಂಗಿದ ದಿನಕ್ಕೆ ಒಂದು ಗೀಟು. ಕೆಲವು ತಿಂಗಳಲ್ಲಿ ಕೌಂಟ್ ಸರಿಯಾಗುತ್ತದೆ, ಆಗ "ಇನ್ನು ಯಾಕೆ?" ಅಂತ ನಿಲ್ಲಿಸುತ್ತಾರೆ. ಕೌಂಟ್ ಸರಿ ಇದ್ದರೂ ಈ ರೋಗ ತರುವ ಬಿಸಿಆರ್-ಎಬಿಎಲ್ ಜೀನ್ ಒಳಗೆ ಉಳಿದಿರಬಹುದು, ನಿಲ್ಲಿಸುವುದು ಡಾಕ್ಟರ್ ಹೇಳಿದರೆ ಮಾತ್ರ. ಈ ಮದ್ದಿನ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಿರಸ್ಕರಿಸಿತು. ಜೆನೆರಿಕ್ ಉಳಿದುಕೊಂಡಿತು. ಇಲ್ಲದಿದ್ದರೆ ತಿಂಗಳಿಗೆ ಲಕ್ಷದ ಮಾತು. ಅದನ್ನು ಹೇಳಿದರೆ ಗುಳಿಗೆಯ ಮೇಲೆ ಸ್ವಲ್ಪ ಗೌರವ ಹುಟ್ಟುತ್ತದೆ.

ಥಲಸ್ಸೀಮಿಯಾದ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಮಗು ಇರುವ ಮನೆಯಲ್ಲಿ ಇನ್ನೊಂದು ಆಟ ಕಟ್ಟಿದೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಕೊಟ್ಟವರ ಹೆಸರಿನ ಮೊದಲ ಅಕ್ಷರವನ್ನು ಮುಂದಿನ ಸಲ ಕೊಡಬಹುದಾದ ದಿನಕ್ಕೆ ಬರೆದೆವು. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು. ಕೊನೆಗಳಿಗೆಯ ಓಡಾಟ ಅರ್ಧಕ್ಕರ್ಧ ತಪ್ಪಿತು. ಆದರೆ ಮಗು ಬಿಳಿಚಿಕೊಂಡಿದೆ ಅಂತ ಕಬ್ಬಿಣದ ಟಾನಿಕ್ ತರುವ ಅಜ್ಜಿಯನ್ನು ತಡೆಯಲು ಕ್ಯಾಲೆಂಡರ್ ಸಾಲದು. ಪಡೆದ ರಕ್ತದ ಕಬ್ಬಿಣವೇ ಹೃದಯ, ಲಿವರಿನಲ್ಲಿ ತುಂಬುತ್ತಿರುವಾಗ ಇನ್ನಷ್ಟು ಯಾಕೆ ಅಂತ ಕೂತು ಹೇಳಬೇಕು.

ಎಣ್ಮಕಜೆಯ ಕಡೆ ಹೋದರೆ ಒಂದು ಪ್ರಶ್ನೆ ತಪ್ಪದು: "ಎಂಡೋಸಲ್ಫಾನಿಂದಲೇ ಬಂದದ್ದಲ್ವಾ?" ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ವರ್ಷಗಟ್ಟಲೆ ಸುರಿದದ್ದನ್ನು ಕಂಡವರು ಕೇಳುವ ಪ್ರಶ್ನೆ, ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಒಬ್ಬರ ರಕ್ತ ಪರೀಕ್ಷೆ ನೋಡಿ ಇದರಿಂದಲೇ ಬಂತು ಅಂತ ಹೇಳಲಾಗದು, ಪರಿಹಾರದ ಫೈಲು ಬೇರೆ, ಕೀಮೋದ ಫೈಲು ಬೇರೆ, ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸಬೇಡಿ ಅನ್ನುತ್ತೇನೆ.

ಫಲ ಏನು ಅಂದರೆ, ಮೊದಲು ಎರಡು ಮೂರು ದಿನ ಜ್ವರದಲ್ಲಿ ಮಲಗಿ ಆಮೇಲೆ ಹೊರಡುತ್ತಿದ್ದವರೇ ಹೆಚ್ಚು. ಈಗ ಹತ್ತರಲ್ಲಿ ಏಳೆಂಟು ಜನ ಅದೇ ರಾತ್ರಿ ಹೋಗುತ್ತಾರೆ. ಮಂಗಳೂರಿನ ಡಾಕ್ಟರೊಬ್ಬರು ಕ್ಯಾಲೆಂಡರಿನ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರಂತೆ. ನಕ್ಕವರಿಗೆ ಅದನ್ನು ನಾನೇ ಫೋನ್ ಮಾಡಿ ಹೇಳಿದೆ.

ಹಗಲು ರೈಲಿಗೆ ಆಸ್ಪತ್ರೆಯ ಫಾರಂ ಕೊಟ್ಟರೆ ರೋಗಿಗೂ ಜೊತೆಗಾರನಿಗೂ ರಿಯಾಯಿತಿ ಇದೆ. ರಾತ್ರಿಯ ಜೀಪಿಗೆ ಏನೂ ಇಲ್ಲ. ಪೆರ್ಲದಿಂದ ಮಂಗಳೂರಿಗೆ ಎರಡು ಸಾವಿರಕ್ಕೆ ಕಡಿಮೆ ಯಾರೂ ಹೊರಡುವುದಿಲ್ಲ. ಕ್ಲಬ್ಬಿನವರು ಒಂದು ಡಬ್ಬಿ ಇಟ್ಟಿದ್ದಾರೆ, ತಿಂಗಳಿಗೆ ಎರಡು ಬಾಡಿಗೆಗೆ ಸಾಕಾಗುತ್ತದೆ. ಮೂರನೆಯದಕ್ಕೆ ಈಗಲೂ ನಾನೇ ಯಾರಿಗಾದರೂ ಫೋನ್ ಮಾಡಬೇಕು.