ರೆವೆಲ್ ಸಂತೆಯಲ್ಲಿ ಸಿಕ್ಕ ಕೊಸರು

ಫ್ರಾನ್ಸ್‌ನ ತುಲೂಸ್‌ಗೆ ಬಂದ ಮೊದಲ ಆರು ತಿಂಗಳು ನಾನು ತರಕಾರಿ ತಂದಿದ್ದೆಲ್ಲ ಸೂಪರ್‌ಮಾರ್ಕೆಟ್‌ನಿಂದಲೇ. ಯಾರ ಹತ್ತಿರವೂ ಮಾತಾಡುವ ಗೋಜಿಲ್ಲ. ನಮ್ಮ ಮನೆ ಹುಳಿಯೂ ಹಾಗೇ ಇರುತ್ತಿತ್ತು, ಸಪ್ಪೆ. ಇದನ್ನು ಕೇಳಿ ಕೇಳಿ ಸಾಕಾಗಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಂದು ಶನಿವಾರ ಬೆಳಿಗ್ಗೆ ರೆವೆಲ್ ಸಂತೆಗೆ ಕರೆದುಕೊಂಡು ಹೋದರು.

ರೆವೆಲ್ ತುಲೂಸ್‌ನಿಂದ ಸುಮಾರು 50 ಕಿಲೋಮೀಟರ್ ದೂರದ ಸಣ್ಣ ಊರು. 1342ರಲ್ಲಿ ಮೊದಲೇ ಲೆಕ್ಕ ಹಾಕಿ ಕಟ್ಟಿದ್ದು. ನಟ್ಟನಡುವೆ ಹಳೇ ಕಾಲದ ಮರದ ಕಂಬಗಳ ದೊಡ್ಡ ಮಾಡು, ಅದರ ಮೇಲೊಂದು ಗೋಪುರ. ಅದರ ಕೆಳಗೆ ಒಂದಷ್ಟು ಅಂಗಡಿ, ಮಿಕ್ಕಿದ್ದೆಲ್ಲ ಹೊರಗೆ ಬಯಲಲ್ಲಿ, ಸುತ್ತಲಿನ ಬೀದಿಗಳಲ್ಲಿ. ಎಲ್ಲಾ ಶನಿವಾರವೂ ಇರುತ್ತೆ.

ಮೊದಲ ದಿನವೇ ಮರ್ಯಾದೆ ಹೋಯ್ತು. ಕೆ.ಆರ್. ಮಾರ್ಕೆಟ್‌ನಲ್ಲಿ ಮಾವಿನಹಣ್ಣು ಒತ್ತಿ ನೋಡುವ ಹಾಗೆ ಒಂದು ಪೀಚ್ ಹಣ್ಣು ಒತ್ತಿ ನೋಡಿದೆ (ಅಲ್ಲೂ ಬೈತಾರೆ ಬಿಡಿ). ಅಂಗಡಿಯವನು ತುಟಿ ಬಿಚ್ಚಲಿಲ್ಲ. ನನ್ನ ಕೈಯಿಂದ ಹಣ್ಣು ತೆಗೆದುಕೊಂಡು ಇದ್ದ ಜಾಗಕ್ಕೇ ಇಟ್ಟು, ನನ್ನ ಹಿಂದೆ ನಿಂತಿದ್ದ ಅಜ್ಜಿಗೆ ನಗುತ್ತಾ 'ಬೋಂಜೂರ್' ಅಂದ, ಅಂದರೆ ನಮಸ್ಕಾರ. ನಾನು ಮಾಡಿದ್ದು ಎರಡು ತಪ್ಪು: ಹಣ್ಣು ಮುಟ್ಟಿದ್ದು, ಅದಕ್ಕೂ ಮೊದಲು ಬೋಂಜೂರ್ ಅನ್ನದೇ ಇದ್ದಿದ್ದು. ಎರಡನೆಯದೇ ದೊಡ್ಡದು ಅಂತ ಈಗ ಅನಿಸುತ್ತೆ.

ಆಮೇಲೆ ಕಲಿತೆ. ಇಲ್ಲಿ ಆರಿಸುವುದು ನಮ್ಮ ಕೆಲಸ ಅಲ್ಲ, ಅವರದ್ದು. ಬೇಸಿಗೆಯಲ್ಲಿ ಕರ್ಬೂಜ ಕೇಳಿದರೆ ಮೊದಲು ಅವರೇ ನಿಮ್ಮನ್ನು ಕೇಳುತ್ತಾರೆ, ಯಾವಾಗ ತಿಂತೀರಿ, ಮಧ್ಯಾಹ್ನಕ್ಕೋ ರಾತ್ರಿಗೋ ನಾಳೆಗೋ? ಮಧ್ಯಾಹ್ನಕ್ಕೆ ಅಂದರೆ ತೊಟ್ಟಿನ ಸುತ್ತ ಸಣ್ಣಗೆ ಬಿರುಕು ಬಿಟ್ಟಿರುವುದನ್ನು ಹುಡುಕಿ, ಮೂಸಿ ನೋಡಿ ಕೊಡುತ್ತಾರೆ. ನಾಳೆಗೆ ಅಂದರೆ ಬೇರೆಯದು. ನಾನು ಸುಮ್ನೆ ಪರೀಕ್ಷೆ ಮಾಡೋಣ ಅಂತ ನಾಳೆಯ ಹಣ್ಣನ್ನು ಅವತ್ತೇ ಕೊಯ್ದೆ. ಸೌತೆಕಾಯಿ ತಿಂದ ಹಾಗಿತ್ತು.

ಚೌಕಾಸಿ ಮಾಡಬೇಡಿ, ಗಿಟ್ಟಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ಹನ್ನೆರಡೂವರೆಗೆ ಗಾಡಿಗೆ ತುಂಬಲು ಶುರು ಮಾಡುತ್ತಾರೆ, ಊಟದ ಹೊತ್ತು ಅವರಿಗೆ ದೇವರ ಸಮಾನ. ಇನ್ನೊಂದು ವಿಷಯ, ಸಂತೆಯಲ್ಲಿರುವವರೆಲ್ಲ ರೈತರಲ್ಲ. ಮಂಡಿಯಿಂದ ತಂದು ಮಾರುವವರೂ ಇದ್ದಾರೆ. ಹಣ್ಣು ತರಕಾರಿ ಯಾವ ದೇಶದ್ದು ಅಂತ ಬರೆದು ಹಾಕಲೇಬೇಕು ಅನ್ನುವುದು ಕಾನೂನು, ಹಾಗಾಗಿ ಮಾರ್ಚ್‌ನಲ್ಲಿ ಟೊಮ್ಯಾಟೊ ಗುಡ್ಡೆ ಮೇಲೆ 'ಸ್ಪೇನ್' ಅಂತ ಕಂಡರೆ ಮುಂದಕ್ಕೆ ಹೋಗುತ್ತೇನೆ. ನಾಲ್ಕೇ ಥರದ ತರಕಾರಿ, ಬೇರಿಗೆ ಮಣ್ಣು ಇನ್ನೂ ಅಂಟಿಕೊಂಡಿದೆ, ಮುಂದೆ ಉದ್ದ ಸಾಲು ನಿಂತಿದೆ ಅಂದರೆ ಅಲ್ಲಿ ನಿಲ್ಲುತ್ತೇನೆ.

ಬೆಳ್ಳುಳ್ಳಿ ಮಾತ್ರ ಲೋತ್ರೆಕ್‌ನದೇ. ಅದು ಹತ್ತಿರದ ಊರು, ಅಲ್ಲಿಯ ಗುಲಾಬಿ ಬೆಳ್ಳುಳ್ಳಿಗೆ 1966ರಿಂದಲೇ ಸರ್ಕಾರದ ಗುಣಮಟ್ಟದ ಮುದ್ರೆ ಇದೆ. ಇದರ ಕಾಂಡ ಗಟ್ಟಿ, ಜಡೆ ಹೆಣೆಯಲು ಆಗಲ್ಲ, ಅದಕ್ಕೇ ಹೂಗುಚ್ಛದ ಹಾಗೆ ಕಂತೆ ಕಟ್ಟಿ ಮಾರುತ್ತಾರೆ. ಜುಲೈ ಕೊನೆಗೆ ಒಂದು ಕಂತೆ ತಂದು ಅಡುಗೆಮನೆಯಲ್ಲಿ ನೇತುಹಾಕಿದರೆ ಚಳಿಗಾಲ ಕಳೆಯುತ್ತೆ.

ಆದರೆ ನನ್ನನ್ನು ಪ್ರತಿ ವಾರ ಎಳೆದದ್ದು ಹಸಿ ಬೀನ್ಸ್ ಕಾಳು. ಆಗಸ್ಟ್ ಬಂತೆಂದರೆ ಸಿಪ್ಪೆ ಸಮೇತ ಬುಟ್ಟಿಗಟ್ಟಲೆ ಬರುತ್ತೆ. ಒಂದು ಕೆಜಿ ಬಿಡಿಸಿದರೆ ಅರ್ಧ ಕೆಜಿಯೂ ಸಿಗಲ್ಲ, ಆದರೂ ಶನಿವಾರ ಸಂಜೆ ಪೇಪರ್ ಹಾಸಿಕೊಂಡು ಬಿಡಿಸುತ್ತಾ ಕೂತರೆ ಅವರೆಕಾಯಿ ಕಾಲವೇ ಬಂದ ಹಾಗೆ. ನೆನೆಸಬೇಕಿಲ್ಲ, ಕುಕ್ಕರ್‌ನಲ್ಲಿ ಬೇಗ ಬೇಯುತ್ತೆ, ಅದೇ ಹುರಿದ ಮಸಾಲೆ. ಅವರೆಯ ಸೊಗಡು ಇಲ್ಲ ನಿಜ. ಬೆಣ್ಣೆಯಂತೆ ಕರಗುವುದು ಮಾತ್ರ ಇದೇ ಜಾಸ್ತಿ.

ಕಾಳು ಮಾರುವ ಹೆಂಗಸು ತೂಕ ಆದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿ, ಮೇಲೊಂದು ಸೊಪ್ಪಿನ ಕಟ್ಟು ಇಟ್ಟರು, ದುಡ್ಡಿಲ್ಲ. ಕೊಸರು! ಕೊತ್ತಂಬರಿ ಅಂತ ಖುಷಿಯಿಂದ ತಂದು ಹೆಚ್ಚಿದೆ, ಘಮವೇ ಇಲ್ಲ. ಪಾರ್ಸ್ಲಿ ಅದು.

ಮುಂದಿನ ವಾರ ಅವರು ಕೇಳಿದರು, ಕಾಳನ್ನು ಏನು ಮಾಡಿದಿರಿ ಅಂತ. ಆ ಸೀಮೆಯಲ್ಲಿ ಬೀನ್ಸ್ ಕಾಳು ಅಂದರೆ ಕಸ್ಸೂಲೆ, ಬಾತುಕೋಳಿ ಮಾಂಸ, ಸಾಸೇಜ್ ಹಾಕಿ ಗಂಟೆಗಟ್ಟಲೆ ಬೇಯಿಸುವ ಅಡುಗೆ. ಮಾಂಸ ಹಾಕಲ್ಲ ಮೇಡಂ, ಹುಣಸೆಹುಳಿ, ತೆಂಗಿನಕಾಯಿ, ಮೆಣಸಿನಕಾಯಿ ಅಂದೆ. 'ಬಾತುಕೋಳಿ ಇಲ್ಲದೆ?' ಅಂತ ಎರಡು ಸಲ ಕೇಳಿದರು. ಅದರ ಮುಂದಿನ ವಾರ ಒಂದು ಡಬ್ಬಿಯಲ್ಲಿ ಸಾರು ಒಯ್ದೆ. ಬ್ರೆಡ್ ತುಂಡು ಅದ್ದಿ ತಿಂದರು, ಇನ್ನೊಂದು ಸಲ ಅದ್ದಿದರು, ಪಕ್ಕದ ಅಂಗಡಿಯವನಿಗೂ ಕೊಟ್ಟರು. ಚೆನ್ನಾಗಿದೆ ಅಂದರು. ಒಂದು ಸಾಸೇಜ್ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಂತೆ.